ಸತ್ತವರ ಪುಟ ಮುಚ್ಚಿದಾಗ

ಕೊಟ್ಟೂರಿನ ಕುರಿಗಾರರ ಸಂಘದಲ್ಲಿ ಕಂಪ್ಯೂಟರ್ ಮತ್ತೆ ನಿಂತುಹೋಗಿತ್ತು. ಪರದೆಯ ತುಂಬ ಚೆಲ್ಲಾಪಿಲ್ಲಿ ಅಕ್ಷರ. ಕೀಲಿ ಒತ್ತಿದರೆ ಉತ್ತರವಿಲ್ಲ. ಬೆಳಗಿನಿಂದ ಮಾಡಿದ ಕೆಲಸವೆಲ್ಲ ಹೋಗಿತ್ತು. ಅದು ೧೯೮೯.

"ಸತ್ತೋರ ಹೆಸರು ತಗದಾಗೆಲ್ಲಾ ಹಿಂಗ ಆಗತೈತ್ರಿ," ಎಂದ ಕಾರ್ಯದರ್ಶಿ ಏಕಾಂತಪ್ಪ. "ಇವತ್ತು ಮೈಲಪ್ಪಂದು. ಶಿವನ ಪಾದ ಸೇರಿದ ಮ್ಯಾಲೂ ಆ ಮುದುಕ ಸಂಘ ಬಿಡವಲ್ಲ."

ಪ್ರೋಗ್ರಾಂ ಬರೆದ ಬೊಮ್ಮಯ್ಯ ನಗಲಿಲ್ಲ. "ದೆವ್ವ ಅಲ್ರಿ, ಈಕಿ ಕೈ. ನಾ ತಗದ್ರ ಏನೂ ಆಗಂಗಿಲ್ಲ. ಬ್ಯಾರೆಯವರನ್ನ ಇಟಗೊಳ್ರಿ."

ಟೈಪು ಮಾಡುವ ಮರುಳಸಿದ್ದಮ್ಮ ತಲೆ ತಗ್ಗಿಸಿದಳು. ಈ ಕೆಲಸದ ಮೇಲೆಯೇ ಅವಳ ಮನೆ ನಿಂತಿತ್ತು. ಸಂಜೆಗೆ ಅದು ಹೋಗುವುದಿತ್ತು.

ಕಂಪ್ಯೂಟರಿನ ತಪಾಸಣೆಗೆಂದು ದಾವಣಗೆರೆಯಿಂದ ಬಂದಿದ್ದ ಶಿವಯೋಗಪ್ಪ ಕುರ್ಚಿ ಎಳೆದು ಕೂತರು.

"ತಂಗಿ, ಊರು ಬಿಟ್ಟು ಹೋದೋರ ಹೆಸರೂ ನೀನ ತಗೀತಿ?"

"ಹೂನ್ರಿ."

"ಆಗ ಮಷೀನು ಸಾಯತೈತಿ?"

"ಇಲ್ರಿ."

"ಕೈ ಅದ ಐತಿ. ಮತ್ತ ಸತ್ತೋರಿಗೆ ಮಾತ್ರ ಯಾಕ? — ಮೈಲಪ್ಪಂದು ಹೆಂಗ ತಗದಿ, ಮಾಡಿ ತೋರಿಸು."

ಕಂಪ್ಯೂಟರ್ ಮತ್ತೆ ಚಾಲೂ ಆಯಿತು. ಕೆಲಸ ಅಳಿದುಹೋಗಿದ್ದರಿಂದ ಮೈಲಪ್ಪ ಪಟ್ಟಿಯಲ್ಲಿ ಇನ್ನೂ ಇದ್ದ. ಅವಳು ಅವನ ವಿವರದ ಪುಟ ತೆರೆದಳು. ಅದನ್ನು ಪರದೆಯ ಮೇಲೆ ಹಾಗೆಯೇ ಬಿಟ್ಟು, ಪಕ್ಕದ ಪಟ್ಟಿಯಲ್ಲಿ ಹೆಸರು ಅಳಿಸಿದಳು. ಏನೂ ಆಗಲಿಲ್ಲ. ಅವನ ಬದಲಿಗೆ ಸೊಸೆ ಭರಮಮ್ಮನ ಹೆಸರು ಸೇರಿಸಿದಳು. ಏನೂ ಆಗಲಿಲ್ಲ. ಆಮೇಲೆ ಪುಟ ಮುಚ್ಚಿದಳು.

ಪರದೆ ಕಲ್ಲಾಯಿತು.

"ಪುಟ ಯಾಕ ತೆರದಿಟ್ಟಿ?"

"ಸತ್ತೋರಿಗೆ ಅಷ್ಟ ತೆರದಿಡತೀನ್ರಿ. ಮುಖ ನೋಡದ ಮಣ್ಣು ಕೊಡಂಗಿಲ್ರಿ ನಮ್ಮಾಗ. ಹೆಸರು ಹೋಗೂತನಕ ಅವರು ಎದುರಿಗಿರಲಿ ಅಂತ."

ಶಿವಯೋಗಪ್ಪ ಬೊಮ್ಮಯ್ಯನ ಕಡೆ ತಿರುಗಿದರು.

"ಎಲ್ಲಾರೂ ಅಳಿಸೋ ಗಳಿಗಿ ನೋಡಿದ್ರಿ. ಮಷೀನು ಸತ್ತಿದ್ದು ಮುಚ್ಚೋವಾಗ. ಹೊಲದಾಗ ಒಬ್ಬ ಗೂಟ ಬಡದು, ಬಲಿ ಕಟ್ಟಿ ಕುರಿ ತರುಬ್ಯಾನ ಅನ್ನು. ಅವ ಜಾಗ ಬಿಟ್ಟಾನೋ ಇಲ್ಲೋ ಕೇಳದ, ಹೊಲದವ ಅದ ಜಾಗ ಇನ್ನೊಬ್ಬಗ ಕೊಟ್ಟ. ಮೊದಲನೇವ ಹೊರಡೋವಾಗ ತನ್ನ ಗೂಟ ಅಂತ ಕಿತ್ತಿದ್ದು ಎರಡನೇವಂದು. ಹಿಂಡು ಚದುರದ ಇರತೈತೇನು? ಹೆಸರು ಅಳಿಸಿದ ಕೂಡಲೆ ನಿನ್ನ ಪ್ರೋಗ್ರಾಂ ನೆನಪಿನ ಜಾಗ ಬಿಟ್ಟುಕೊಡತೈತಿ — ತೆರದ ಪುಟ ಇನ್ನೂ ಅದನ್ನ ಹಿಡದೈತಿ ಅನ್ನೋದು ನೋಡಂಗಿಲ್ಲ. ಅಲ್ಲಿ ಭರಮಮ್ಮ ಬಂದ್ಲು. ಪುಟ ಮುಚ್ಚಿದಾಗ ಆಕಿ ಜಾಗಾನ ಕಿತ್ತು ಹಾಕ್ತು. ನೀ ಪುಟ ತೆರೆಯದ ಅಳಸತಿ. ಅದಕ್ಕ ನಿನಗ ಕಾಣಲಿಲ್ಲ. ತಪ್ಪಿದ ಕೈ ನಿಂದು, ಬೊಮ್ಮಯ್ಯ."

"ಹಂಗ ತೆರದಿಡತಾರಂತ ಯಾರಿಗೆ ಗೊತ್ತಿತ್ರಿ?"

"ಕೇಳಿದ್ದರ ಆಕಿ ಹೇಳತಿದ್ಲು."

ಏಕಾಂತಪ್ಪ ಕೆಮ್ಮಿದ. "ಇನ್ನಮ್ಯಾಲ ಮೊದಲ ಪುಟ ಮುಚ್ಚಲಿ ಬಿಡ್ರಿ."

"ಬ್ಯಾಡ. ಕಡೀ ಕಣ್ಣು ನೋಡಿ ಪುಟ ಮುಚ್ಚೂತನಕ ಪ್ರೋಗ್ರಾಂ ಜಾಗ ಬಿಡದಂಗ ಇವ ತಿದ್ದಲಿ."

ಬೊಮ್ಮಯ್ಯ ತಿದ್ದಲು ಯಂತ್ರದ ಮುಂದೆ ಕೂತ. ಏಕಾಂತಪ್ಪ ಮರುಳಸಿದ್ದಮ್ಮನ ಕಡೆ ನೋಡದೆಯೇ ಹೇಳಿದ:

"ನಾಳಿ ಮೈಲಪ್ಪನ್ನ ನೀನ ಕಳಸವ್ವ. ನಿಮ್ಮ ಪದ್ಧತಿ ಪ್ರಕಾರ."