ನೆನಪಿನ ಬಿಲ್ಲೆ ಏಳುವ ಹೊತ್ತು

ಗಂಜಿ ಹಚ್ಚಿ ಬಿಸಿಲಿಗೆ ಹರವಿದ ನೂಲಿನ ಹುಳಿ ವಾಸನೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದ ಫಕೀರೇಶಪ್ಪ ಈಚೆಗೆ ದಿನವೂ ಬಾಲ್ಯದ ಆ ವಾಸನೆಯೊಳಗೇ ಕಣ್ಣು ಬಿಡುತ್ತಿದ್ದ, ಆರು ವರ್ಷದ ಹುಡುಗನಾಗಿ. “ನೀ ಯಾರು? ನಮ್ಮವ್ವ ಎಲ್ಲಿ?” ಎಂದು ಚೀರಿ, ಎದುರಿಗಿದ್ದ ಮುದುಕಿಯನ್ನು ದಬ್ಬುತ್ತಿದ್ದ. ಆ ಮುದುಕಿ ಅವನ ಹೆಂಡತಿ ನೀಲಗಂಗಾ.

ಮರೆವಿನ ರೋಗಿಗಳ ಕಿವಿಯ ಹಿಂದೆ ಕೂರಿಸುವ ನೆನಪಿನ ಬಿಲ್ಲೆ ಎಂಜಿನಿಯರ್ ಮುಬೀನಾಳ ಸಂಶೋಧನೆ; ಫಕೀರೇಶಪ್ಪನಿಗೂ ಅದನ್ನು ಕೂರಿಸಿದ್ದರು. ಮೆದುಳು ಮರೆಯುವ ಮೊದಲೇ ನೆನಪುಗಳನ್ನು ಅದು ಪದರ ಪದರವಾಗಿ ಕಾಪಿಡುತ್ತಿತ್ತು. ರಾತ್ರಿ ಅದಕ್ಕೂ ನಿದ್ದೆ. ಬೆಳಿಗ್ಗೆ ಅದನ್ನು ಎಬ್ಬಿಸಿ ಮೆದುಳಿಗೆ ಜೋಡಿಸುವುದು ಡ್ರೈವರ್ ಎಂಬ ಪುಟ್ಟ ತಂತ್ರಾಂಶದ ಕೆಲಸ.

“ಬಂದ್ರಿ? ನೋಡ್ರಿ, ನಿಮ್ಮ ಬಿಲ್ಲೆ ಕೊಟ್ಟ ಉಡುಗೊರೆ,” ಎಂದು ನೀಲಗಂಗಾ, ನಸುಕಿನಲ್ಲೇ ಬಾಗಿಲಿಗೆ ಬಂದ ಮುಬೀನಾಗೆ ಕಪ್ಪಿಟ್ಟ ತೋಳು ತೋರಿಸಿದಳು. ಕುಡಿಯಲು ನೀರನ್ನೂ ಕೊಡಲಿಲ್ಲ. “ಇವತ್ತ ಸರಿ ಆಗ್ಲಿಲ್ಲಂದ್ರ ಕಿತ್ಕೊಂಡ ಹೋಗ್ರಿ.”

“ಕಿತ್ತರ ಅವರಿಗೆ ನಿಮ್ಮ ಗುರುತು ಎಂದೂ ಸಿಗಂಗಿಲ್ಲ, ಕಾಕೂ.”

“ಈಗೇನ ಆರತಿ ಎತ್ತಾಕತ್ತಾರೇನು?” ಬೈಯುತ್ತಲೇ ಆಕೆ, ಮಲಗಿದ್ದ ಗಂಡನ ಪಾದದಿಂದ ಜಾರಿದ ಹೊದಿಕೆಯನ್ನು ಎಳೆದು ಮುಚ್ಚಿದಳು.

ಬಿಲ್ಲೆಯ ದಾಖಲೆ ತೆರೆದು ನೋಡಿದಾಗ ಮುಬೀನಾಗೆ ದೋಷ ಸಿಕ್ಕಿತು. ಬಾಲ್ಯದ ಪದರ ಥಟ್ಟನೆ ಏಳುತ್ತದೆ; ಮಿಕ್ಕವಕ್ಕೆ ತುಸು ಹೊತ್ತು ಬೇಕು. ಡ್ರೈವರ್ ಒಮ್ಮೆ ಕರೆದು, ಓಗೊಡದ ಪದರಗಳೆಲ್ಲ ಖಾಲಿ ಎಂದು ತೀರ್ಮಾನಿಸುತ್ತಿತ್ತು. ಪ್ರಯೋಗಾಲಯದ ಬಿಲ್ಲೆಗಳು ಎಂದೂ ನಿದ್ದೆ ಮಾಡಿರಲಿಲ್ಲವಾದ್ದರಿಂದ ಅಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ.

“ಮೊದಲ ಡ್ರೈವರ್ ಕಾಯ್ತಿತ್ತು. ಆ ಕಾಯೂದನ್ನ ತೆಗೆದಾಕಿ ನಾನಽ,” ಎಂದಳು ಮುಬೀನಾ.

“ಯಾಕ ತೆಗೆದ್ರಿ?”

“ಎದ್ದಮ್ಯಾಲೆ ಹೆಣದಂಗ ಸುಮ್ಮನ ಬಿದ್ದಿರ್ತಾರ, ಲಗೂನ ಮಾತಾಡೂವಂಗ ಮಾಡ್ರಿ ಅಂತ ರೋಗಿಗಳ ಮನೀ ಮಂದಿ ಫೋನಿನ್ಯಾಗ ಬೈದ್ರು.”

ನೀಲಗಂಗಾ ಮುಖ ತಿರುಗಿಸಿದಳು. ಹಾಗೆ ಬೈದವರಲ್ಲಿ ಅವಳೂ ಒಬ್ಬಳು. “ನಾವ್ ಅಂದ್ರ ನೀವ್ ಮಾಡಬೇಕೇನು? ಕಲತವರು ನೀವು!”

ಮುಬೀನಾ ಕಾಯುವುದನ್ನು ಡ್ರೈವರ್‌ಗೆ ಮತ್ತೆ ಕಲಿಸಿ, ಬಿಲ್ಲೆಯನ್ನು ಎಬ್ಬಿಸಿದಳು.

ಫಕೀರೇಶಪ್ಪ ಕಣ್ಣು ತೆರೆದ. ಮಾತಿಲ್ಲ. ಜಂತಿಯನ್ನೇ ನೋಡುತ್ತ ಮಲಗಿದ್ದ. ನೀಲಗಂಗಾ ಬಾಯಿ ತೆರೆಯುವಷ್ಟರಲ್ಲಿ ಮುಬೀನಾ ಅವಳ ಕೈ ಹಿಡಿದಳು. “ತಡೀರಿ.” ಕೇಳಿದೊಡನೆ ಉತ್ತರ ಬರದಿದ್ದರೆ ಆ ಮನುಷ್ಯನೊಳಗೆ ಏನೂ ಉಳಿದಿಲ್ಲವೆಂದು ನಾವು ಎಷ್ಟು ಬೇಗ ನಂಬಿಬಿಡುತ್ತೇವೆ, ಯಂತ್ರಕ್ಕೂ ಕಲಿಸಿದ್ದು ಅದನ್ನೇ ಅಲ್ಲವೇ ಎಂದು ಮುಬೀನಾಗೆ ಅನ್ನಿಸಿತು.

“ಮುಂಜಾನೆದ್ದ ಜಗಳ ಸುರು ಮಾಡೀಯೇನ, ನೀಲಾ?” ಫಕೀರೇಶಪ್ಪನ ದನಿ ಒಡೆದಿತ್ತು. ಆಮೇಲೆ ಕಣ್ಣು ಕಿರಿದು ಮಾಡಿ, “ತೋಳಿಗೇನಾತು?”

“ಬಾಗಲಾ ಬಡೀತು,” ಎಂದಳು ಆಕೆ.

ಒಳಗೆ ಹೋದವಳು ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಕಣ್ಣು ಕೆಂಪಗಿದ್ದವು. ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದ ತಾಟನ್ನು ಮುಬೀನಾಳ ಕೈಗೆ ಇಟ್ಟಳು.