ಹಳೇ ಗಂಟೆ ನಂಬಿದ ಗೇಟು

"ಹೋಗ್ಲಾ, ಬೇಡ್ವಾ?" ಎಂದು ಅವನು ಕೇಳಿದ್ದು ಹೋದ ವಾರ. "ನಿಮ್ಮಿಷ್ಟ" ಎಂದುಬಿಟ್ಟಳು ಇವಳು.

ಅಲ್ಲ, ಮನಸ್ಸಿನಲ್ಲಿ ಬೆಟ್ಟದಷ್ಟು ಆಸೆ ಇಟ್ಟುಕೊಂಡವಳು ಆಡುವ ಮಾತೇ ಅದು? ಅವನು ಲಾಂಚಿನ ಎಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್. ಹೊಳೆಯ ಆಚೆ ದಡದ ಬೋಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೇಡ ಎಂದಿದ್ದರೆ ಬಿಟ್ಟೇಬಿಡುತ್ತಿದ್ದ. ತನ್ನಿಂದ ಅವನಿಗೆ ಒಳ್ಳೆಯ ಕೆಲಸ ತಪ್ಪಬಾರದೆಂದು ಅವಳ ಹಟ. ಅವಳಿಗೆ ನಾನು ಬೇಕಿಲ್ಲ ಎಂದು ಅವನ ಮುನಿಸು. ಆಮೇಲೆ ಅವಳು ಕೂರುವ ಸರ್ವರ್ ರೂಮಿನ ಕಡೆ ಅವನು ತಲೆಯೇ ಹಾಕಲಿಲ್ಲ. ಇವತ್ತು ಸಂಜೆಯ ಲಾಂಚಿಗೆ ಹೊರಟುನಿಂತಿದ್ದ.

ಲಾಂಚು ನಿಲ್ಲುವ ಜೆಟ್ಟಿಯ ಜನ ಅವಳನ್ನು ಸರ್ವರಮ್ಮ ಎನ್ನುತ್ತಿದ್ದರು. ಟಿಕೆಟ್, ದೀಪ, ಗೇಟು ಎಲ್ಲವನ್ನೂ ನಡೆಸುವ ಸರ್ವರ್ ಅವಳ ಕೈಯಲ್ಲಿತ್ತು. ನಿನ್ನೆ ತಂದು ಕೂರಿಸಿದ ಹೊಸ ಸರ್ವರ್ ಯಾವುದೋ ದೂರದೇಶದ ಗಂಟೆ ತೋರಿಸುತ್ತಿತ್ತು. ಮಧ್ಯಾಹ್ನ ಅವಳು ಟೈಮ್‌ಝೋನ್ ಬದಲಾಯಿಸಿದಳು. ಸ್ಕ್ರೀನಿನ ಗಡಿಯಾರ ಗೋಡೆಯದಕ್ಕೆ ಸರಿಯಾಗಿ ಹೊಂದಿತು. ಮುಗಿಯಿತು ಎಂದುಕೊಂಡು ಕಿಟಕಿಯತ್ತ ತಿರುಗಿದವಳು ಮತ್ತೆ ಇತ್ತ ನೋಡಲಿಲ್ಲ.

ಹೊರಡುವ ಹೊತ್ತು ಮೀರಿತು. ಹಾರ್ನ್ ಆಗಲಿಲ್ಲ. ಜನ ಹತ್ತುವ ದಾರಿಗೆ ಅಡ್ಡವಾಗಿ ಗೇಟು ಇಳಿಯದೆ ಲಾಂಚಿಗೆ ಹಸಿರು ದೀಪ ಸಿಗುವುದಿಲ್ಲ, ಆ ಗೇಟೋ ಎತ್ತಿದಂತೆಯೇ ನಿಂತಿತ್ತು.

ಕ್ಯಾಪ್ಟನ್ ಫೋನ್ ಮಾಡಿದ. "ಸರ್ವರಮ್ಮಾ, ಏನ್ರೀ ಇದು? ಉಬ್ಬರ ಮುಗಿದು ನೀರು ಇಳೀತಾ ಇದೆ. ಇನ್ನು ಸ್ವಲ್ಪ ಹೊತ್ತಾದ್ರೆ ಲಾಂಚು ತಳ ಹಿಡಿಯುತ್ತೆ, ಇವತ್ತಿನ ಟ್ರಿಪ್ ಕ್ಯಾನ್ಸಲ್ಲೇ!"

"ನೋಡ್ತಿದ್ದೀನಿ ಕ್ಯಾಪ್ಟನ್."

ನೋಡಿದಳು. ತಪ್ಪು ತನ್ನದೇ. ಹೊತ್ತು ನೋಡಿ ಗೇಟು ಇಳಿಸುವಂಥ ಕೆಲಸಗಳನ್ನು ಶುರುಮಾಡುವ ಕ್ರಾನ್ ಎಂಬ ಪ್ರೋಗ್ರಾಮನ್ನು ಟೈಮ್‌ಝೋನ್ ಬದಲಾಯಿಸಿದ ಮೇಲೆ ರೀಸ್ಟಾರ್ಟ್ ಮಾಡಬೇಕು. ಮಾಡಿರಲಿಲ್ಲ. ಗಡಿಯಾರ ಬದಲಾದರೂ ಕ್ರಾನ್ ಹಳೇ ಗಂಟೆಯನ್ನೇ ನಂಬಿ ಕೂತಿತ್ತು. ಯಾರ ಧ್ಯಾನದಲ್ಲಿ ಮರೆತಳೆಂದು ಬೇರೆ ಹೇಳಬೇಕೇ?

ಕ್ರಾನ್ ರೀಸ್ಟಾರ್ಟ್ ಮಾಡಿದಳು. ತಪ್ಪಿಹೋದ ಕೆಲಸವನ್ನು ಅದು ತಾನಾಗಿ ಮಾಡುವುದಿಲ್ಲ. ಇವತ್ತಿನ ಗೇಟನ್ನು ಕೈಯಾರೆ ಇಳಿಸಬೇಕು. ಅದಕ್ಕೆ ಬೇಕಾದ ಆಜ್ಞೆಯ ಸಾಲನ್ನೂ ಟೈಪ್ ಮಾಡಿದಳು. ಬೆರಳು ಎಂಟರ್ ಮೇಲೆ ನಿಂತುಬಿಟ್ಟಿತು.

ಒತ್ತದಿದ್ದರೆ ಅವನು ಹೋಗುವುದಿಲ್ಲ. ಹೊಸ ಮೆಷಿನ್ನು, ಏನೋ ಕೆಟ್ಟಿದೆ ಎಂದರೆ ಎಲ್ಲರೂ ನಂಬುತ್ತಾರೆ. ಆದರೆ ಲಾಂಚಿನ ತುಂಬ ಮನೆ ಸೇರಬೇಕಾದ ಜನ. ಅದೂ ಅಲ್ಲದೆ, ಮೋಸದಿಂದ ನಿಲ್ಲಿಸಿಕೊಂಡ ಗಂಡಸು ಎಷ್ಟು ದಿನ ನಿಂತಾನು? ಅವಳಿಗೇ ನಾಚಿಕೆಯಾಯಿತು.

ಅವನಿಗೆ ಫೋನ್ ಮಾಡಿದಳು.

"ಏನು ಮೇಡಂ, ಟಾಟಾ ಹೇಳೋಕಾ?" ಎಂದ ಬಿಗುವಾಗಿ.

"ಗೇಟು ಬೀಳದಿರೋದು ನನ್ನ ತಪ್ಪು. ಈಗ ಎಂಟರ್ ಒತ್ತಿದ್ರೆ ಲಾಂಚು ಹೊರಡುತ್ತೆ."

"ಒತ್ತಿ ಮತ್ತೆ. ನಿಮ್ಮಿಷ್ಟ."

ಚುರುಕ್ಕೆಂದರೂ ನುಂಗಿಕೊಂಡಳು. "ಅದಕ್ಕೆ ಮುಂಚೆ ಒಂದು ಮಾತು ಕೇಳಿ. ನೀವು ನನ್ನ ಬಿಟ್ಟು ಹೋಗೋದು ನನಗಿಷ್ಟ ಇಲ್ಲ. ನನಗೆ ನೀವು ಬೇಕು. ಅವತ್ತೇ ಹೇಳ್ಬೇಕಿತ್ತು, ಬಾಯೇ ಬರ್ಲಿಲ್ಲ."

ಆ ಕಡೆ ಸ್ಪ್ಯಾನರೊಂದು ಠಣ್ಣೆಂದು ಬಿದ್ದ ಸದ್ದಾಯಿತು.

"ಕೇಳಿಸ್ತಾ? ಜನ ಕಾಯ್ತಿದ್ದಾರೆ, ನಾನು ಜಾಸ್ತಿ ಹೊತ್ತು ತಡೆಯೋಕಾಗಲ್ಲ."

"ಇದನ್ನ ಈಗ ಹೇಳ್ತೀರಲ್ರೀ!" ಎಂದು ಕೂಗಿದ. ಫೋನ್ ಕಟ್ಟಾಯಿತು.

ಕ್ಯಾಪ್ಟನ್ ಮತ್ತೆ ಫೋನ್ ಮಾಡತೊಡಗಿದ. ಇನ್ನು ತಡೆಯಲು ದಾರಿಯಿರಲಿಲ್ಲ. ಕಣ್ಣು ಮುಚ್ಚಿ ಒತ್ತಿದಳು.

ಗೇಟು ಇಳಿಯಿತು, ಹಾರ್ನ್ ಆಯಿತು, ಲಾಂಚು ದಡ ಬಿಟ್ಟಿತು. ಲಾಂಚಿನ ಮೇಲೆ ಜನವೋ ಜನ. ಕಣ್ಣೀರಿನಲ್ಲಿ ಯಾರು ಯಾರೆಂದು ತಿಳಿಯಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಬಾಗಿಲು ದಡಾರನೆ ತೆರೆಯಿತು. ಮೊಣಕೈವರೆಗೂ ಗ್ರೀಸ್ ಮೆತ್ತಿಕೊಂಡು ಅವನು ನಿಂತಿದ್ದ.

"ಲಾಂಚು ಹೊರಡದಿದ್ದಾಗ ಎಂಜಿನ್ನೇ ಕೆಟ್ಟಿದೆ ಅಂತ ಕೆಳಗಿಳಿದು ತಡಕಾಡಿದೆ," ಎಂದ ಏದುಸಿರಿನಲ್ಲಿ. "ನಿಮ್ಮ ಮಾತು ಕೇಳಿ ಆಚೆ ಓಡಿಬಂದೆ, ಸ್ವಲ್ಪದರಲ್ಲಿ ನಿಮ್ಮ ಗೇಟು ನನ್ನ ಬೆನ್ನ ಮೇಲೇ ಬೀಳ್ತಿತ್ತು. ಪೆಟ್ಟಿಗೆ ಲಾಂಚಲ್ಲೇ ಉಳೀತು. ಬಟ್ಟೆಬರೆ ಎಲ್ಲಾ ಹೋಯ್ತು."

ಅಳುವಿನ ನಡುವೆಯೂ ಅವಳಿಗೆ ನಗು ಬಂತು. "ಮತ್ತೆ ಕೆಲಸ?"

"ನಾಳೆ ಹೋಗಿ ಸೇರ್ತೀನಿ, ರಜಾ ಸಿಕ್ಕಾಗೆಲ್ಲ ಬರ್ತೀನಿ. ಕೆಲಸಕ್ಕೂ ನಿನಗೂ ನಾನ್ಯಾಕೆ ಜಗಳ ಹಚ್ಲಿ?" ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಇವತ್ತು ನಿಮ್ಮಮ್ಮನ ಹತ್ರ ಕರ್ಕೊಂಡು ಹೋಗು. ನಾನೇ ಹೆಣ್ಣು ಕೇಳ್ತೀನಿ."

"ಈ ಅವತಾರದಲ್ಲಾ?"

"ಇರೋದೇ ಇದೊಂದು ಅಂಗಿ ಕಣೇ!"

ಅವಳು ರೂಮಿಗೆ ಬೀಗ ಹಾಕಿ, ಗ್ರೀಸ್ ಮೆತ್ತಿದ ಆ ಕೈಯನ್ನೇ ಹಿಡಿದುಕೊಂಡಳು. ಜೆಟ್ಟಿಯ ಜನರೆಲ್ಲ ನೋಡಿದರು. ಅವಳು ಕೈ ಬಿಡಲಿಲ್ಲ.