ಹಸಿವು ಹೇಳುವ ತಟ್ಟೆ

ಕಂಡಕ್ಟರ್ ಮಲ್ಲೇಶಿ ಎರಡನೆಯ ರೊಟ್ಟಿ ಮುರಿಯುತ್ತಿದ್ದಂತೆ ಅವನ ತಟ್ಟೆಯ ಅಂಚಿನ ಕೆಂಪು ದೀಪ ಹಳದಿಯಾಯಿತು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಹಸಿರಾಯಿತು. ಐದನೆಯದಕ್ಕೆ ಕೈ ಚಾಚಿದಾಗ ತಟ್ಟೆ ಸಣ್ಣಗೆ ಗುಂಯ್‌ಗುಟ್ಟಿತು. ಪಕ್ಕದವರು ನಕ್ಕರು, ಮಲ್ಲೇಶಿ ನಾಚಿ ಕೈ ಹಿಂದೆಗೆದುಕೊಂಡ.

ನೀಲವ್ವ ನಗಲಿಲ್ಲ. ಗದಗ ಬಸ್ ನಿಲ್ದಾಣದ ಎದುರು ಇಪ್ಪತ್ತೆರಡು ವರ್ಷಗಳಿಂದ ಖಾನಾವಳಿ ನಡೆಸುತ್ತಿದ್ದ ಆಕೆ, ಉಣ್ಣುವವನ ಕೈ ತಡೆಯುವ ತಟ್ಟೆಯನ್ನು ಎಂದೂ ಕಂಡಿರಲಿಲ್ಲ.

ಅದಕ್ಕೆ ಹಸಿವುಮಾಪಕ ಎಂದು ಹೆಸರು. ಉತ್ತರದ ಚಳಿದೇಶವೊಂದರ ಕಂಪನಿ ಅದನ್ನು ರೂಪಿಸಿತ್ತು. ತಟ್ಟೆ ಹಿಡಿದ ಬೆರಳಿನೊಳಗೆ ಹಾಯುವ ಬೆಳಕು ರಕ್ತದ ಸಕ್ಕರೆಯನ್ನು ಅಳೆಯುತ್ತದೆ. ನಾಡಿಯ ವೇಗ, ಬೆವರಿನ ಲವಣ, ಉಸಿರಿನ ವಾಸನೆ ಇವನ್ನೆಲ್ಲ ಕೂಡಿಸಿ, ಹೊಟ್ಟೆ ಎಷ್ಟು ತಾಸಿನಿಂದ ಖಾಲಿ ಇದೆ, ಇನ್ನೆಷ್ಟು ಬೇಕು ಎಂದು ದೀಪದಿಂದ ತಿಳಿಸುತ್ತದೆ, ಉಪವಾಸ ಹೆಚ್ಚಾದರೆ ಬಾಯಿಬಿಟ್ಟೇ ಹೇಳುತ್ತದೆ. ಇದು ಬಂದ ಮೇಲೆ ಅವರ ದೇಶದಲ್ಲಿ ತಿಪ್ಪೆಗೆ ಹೋಗುವ ಅನ್ನ ಅರ್ಧಕ್ಕಿಳಿಯಿತಂತೆ. ಈಗ ಕಂಪನಿಯ ಕಣ್ಣು ನಮ್ಮ ದೇಶದ ಮೇಲೆ ಬಿದ್ದಿತ್ತು. ನೀಲವ್ವನ ಖಾನಾವಳಿಯ ಪ್ರಯೋಗ ಗೆದ್ದರೆ ರಾಜ್ಯಕ್ಕೆಲ್ಲ ಹತ್ತು ಸಾವಿರ ತಟ್ಟೆ.

ತಟ್ಟೆಗಳು ಪುಕ್ಕಟೆ ಎಂದಾಗಲೇ ಆಕೆಗೆ ಸಂಶಯ ಬಂದಿತ್ತು. ಕಂಪನಿಯ ಪರವಾಗಿ ಅವನ್ನು ತಂದವಳು ಹುಬ್ಬಳ್ಳಿಯ ವಿಜ್ಞಾನಿ ಪ್ರತಿಭಾ ಅಂಗಡಿ.

“ಪುಕ್ಕಟೆ ಕೊಡೋರು ಏನರ ಒಯ್ಯಾಕ ಬಂದಿರ್ತಾರ, ತಂಗಿ. ನಿಮ್ಮ ಕಂಪನಿ ಏನ್ ಒಯ್ತೈತಿ?”

“ಎಷ್ಟ್ ಮಂದಿಗೆ ಎಷ್ಟ್ ಹಸಿವು ಅನ್ನೋದಷ್ಟ ಅಕ್ಕಾರ. ಹೆಸರು ಹೋಗಂಗಿಲ್ಲ.”

“ಮಂದಿ ಹಸಿವು ತಗೊಂಡು ಅವರೇನ್ ಮಾಡ್ತಾರ?”

ನಿಜ ಹೇಳಬೇಕೆಂದರೆ ಅದು ಪ್ರತಿಭಾಳಿಗೂ ಗೊತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿದೂ ನೀಲವ್ವ ಒಪ್ಪಿದ್ದು ಒಂದೇ ಕಾರಣಕ್ಕೆ. ತಾನು ಬೇಡವೆಂದರೆ ಎದುರಿನ ಖಾನಾವಳಿಯವನು ಹೂಂ ಎನ್ನುತ್ತಿದ್ದ.

ತಟ್ಟೆ ಬಂದ ಮೊದಲ ದಿನವೇ ಎಡವಟ್ಟಾಯಿತು. ಫಕೀರಪ್ಪ ಮಾಸ್ತರರು ನಿವೃತ್ತ ಚಿತ್ರಕಲಾ ಶಿಕ್ಷಕರು, ಒಂಟಿ ಜೀವ. ದಿನಾ ಮಧ್ಯಾಹ್ನ ಒಮ್ಮೆ ಬಂದು, ಮಗಳ ಮನೆಯಲ್ಲಿ ಊಟವಾಗಿದೆ, ರುಚಿಗೆ ಒಂದು ರೊಟ್ಟಿ ಸಾಕು ಎನ್ನುವುದು ಅವರ ರೂಢಿ. ಮುರಿದ ರೊಟ್ಟಿಯನ್ನು ಗಿರಾಕಿಗೆ ನೀಡಲಾಗುವುದಿಲ್ಲ, ಚೆಲ್ಲಿದರೆ ಪಾಪ, ನೀವಾದರೂ ಮುಗಿಸಿಕೊಡಿ ಎಂದು ನೀಲವ್ವ ಇನ್ನೂ ಮೂರು ನೀಡುವುದು ಆಕೆಯ ರೂಢಿ. ಆ ರೊಟ್ಟಿಗಳನ್ನು ಆಕೆಯೇ ಒಳಗೆ ಮುರಿದು ತರುತ್ತಿದ್ದಳು. ಮಾಸ್ತರರು ಉಪಕಾರ ಮಾಡುವವರಂತೆ ಉಣ್ಣುತ್ತಿದ್ದರು.

ಅಂದು ಅವರು ತಟ್ಟೆ ಹಿಡಿದೊಡನೆ ದೀಪ ಕಡುಗೆಂಪಾಯಿತು. “ಇಪ್ಪತ್ತೆರಡು ತಾಸಿನಿಂದ ಆಹಾರವಿಲ್ಲ” ಎಂದು ತಟ್ಟೆ ಸ್ವಚ್ಛ ಕನ್ನಡದಲ್ಲಿ ಸಾರಿತು. ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ತರರು ತುತ್ತು ಮುಟ್ಟದೆ ಎದ್ದು, ಒಣ ಕೈಯನ್ನೇ ತೊಳೆದುಕೊಂಡು ಹೊರಟುಹೋದರು.

ಮೂರು ದಿನ ಅವರು ಬರಲಿಲ್ಲ. ನೀಲವ್ವ ಬುತ್ತಿ ಕಟ್ಟಿಕೊಂಡು ಅವರ ಮನೆಗೆ ಹೋದಳು. ಊಟವಾಗಿದೆ ಎಂದು ಅವರು ಬಾಗಿಲ ಹಿಂದಿನಿಂದಲೇ ಹೇಳಿ ಕಳಿಸಿದರು. ಮರಳಿ ಬಂದವಳೇ ತಟ್ಟೆಗಳನ್ನು ಪ್ರತಿಭಾಳ ಮುಂದೆ ಪೇರಿಸಿಟ್ಟಳು.

ಯಂತ್ರ ಸುಳ್ಳು ಹೇಳಲಿಲ್ಲವಲ್ಲ ಎಂದು ಪ್ರತಿಭಾ ಮೆಲ್ಲಗೆ ಸಮರ್ಥಿಸಿಕೊಂಡಳು. ಅವರ ಕಷ್ಟ ಈಗ ಗೊತ್ತಾದದ್ದರಿಂದ ಸಹಾಯ ಮಾಡಬಹುದು ಎಂದಳು.

“ನನಗ ಹತ್ತು ವರ್ಷದಿಂದ ಗೊತ್ತೈತಿ,” ಎಂದಳು ನೀಲವ್ವ. “ಗೊತ್ತಿಲ್ಲದಂಗ ಇದ್ದು ನೀಡತಿದ್ದೆ, ಅವರು ಉಣ್ತಿದ್ರು. ನಿಮ್ಮ ತಟ್ಟಿ ಹೊಸಾದ್ ಏನ್ ಕಂಡುಹಿಡೀತು ಹೇಳು.”

ಪ್ರತಿಭಾ ತಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಆದರೆ ತಟ್ಟೆ ವಾಪಸ್ ಒಯ್ದರೂ ಮಾಸ್ತರರು ಬರಲಾರರು, ಊರು ಅವರ ಹಸಿವನ್ನು ನೋಡಿಯಾಗಿತ್ತು. ಆಗ ನೀಲವ್ವನಿಗೇ ದಾರಿ ಹೊಳೆಯಿತು.

“ಎಲ್ಲಾರ ತಟ್ಟೀನೂ ಕೆಂಪ ಮಾಡಿಬಿಡು.”

ಸಿಕ್ಕಿಬಿದ್ದರೆ ನೌಕರಿ ಹೋಗುತ್ತಿತ್ತು. ಆದರೂ ಪ್ರತಿಭಾ ಆ ಸಂಜೆ ಅಷ್ಟೂ ತಟ್ಟೆಗಳ ಅಳತೆ ಕೆಡಿಸಿದಳು. ಮರುದಿನ ಕುತ್ತಿಗೆಮಟ ಉಂಡ ಮಲ್ಲೇಶಿಯ ತಟ್ಟೆಯೂ ಕೆಂಪು. ಕಾಳಿನ ವ್ಯಾಪಾರಿಯ ಬೊಜ್ಜಿಗೂ ಇಪ್ಪತ್ತೆರಡು ತಾಸಿನ ಉಪವಾಸ. ಪರದೇಶಿ ತಟ್ಟೆಗೆ ತಲೆ ಕೆಟ್ಟಿದೆ ಎಂದು ಪೇಟೆಯೆಲ್ಲ ಸುದ್ದಿ ಹಬ್ಬಿತು. ಎರಡು ದಿನ ಕಳೆದು ಮಾಸ್ತರರು ಬಂದು ತಮ್ಮ ಜಾಗದಲ್ಲಿ ಕೂತರು. ಅವರ ದೀಪ ಕೆಂಪಾದರೂ ಯಾರೂ ತಲೆ ಎತ್ತಲಿಲ್ಲ. ನೀಲವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಅತ್ತ ಚಳಿದೇಶದ ಕಚೇರಿಯಲ್ಲಿ ಹಬ್ಬ. ಎಷ್ಟು ಉಂಡರೂ ಹಸಿವು ಹಿಂಗದ ಊರು! ಅಂಥ ಮಾರುಕಟ್ಟೆ ಸಿಕ್ಕರೆ ಬಿಡುವವರುಂಟೆ? ತಟ್ಟೆಯ ಜೊತೆಗೆ ಪೌಷ್ಟಿಕ ಗುಳಿಗೆಯನ್ನೂ ಮಾರಲು ಯೋಜನೆ ಸಿದ್ಧವಾಯಿತು. ಮಂದಿಯ ಹಸಿವು ಒಯ್ದು ಏನು ಮಾಡುತ್ತಾರೆ ಎಂಬುದು ಪ್ರತಿಭಾಳಿಗೆ ಆಗ ತಿಳಿಯಿತು. ವಿದೇಶಿ ವಿಭಾಗದ ಮುಖ್ಯಸ್ಥ ಎಲ್ಮಾರ್‌ಗೆ ಮಾತ್ರ ಸಂಶಯ. ಆತ ಪುಸ್ತಕದ ಕನ್ನಡ ಕಲಿತು, ಚೀಲದಲ್ಲಿ ಒಂದು ಹೊಸ ತಟ್ಟೆಯಿಟ್ಟುಕೊಂಡು ಗದಗಿಗೆ ಬಂದಿಳಿದ.

ಖಾನಾವಳಿಗೆ ಬಂದವನೇ ಯಾರು ತಟ್ಟೆ ಕೆಡಿಸಿದ್ದು ಎಂದು ಪ್ರತಿಭಾಳನ್ನು ವಿಚಾರಿಸತೊಡಗಿದ. ನೀಲವ್ವ ಮೊದಲು ಊಟಕ್ಕೆ ಕೂತುಕೊಳ್ಳಿ ಎಂದಳು. ಆತ ಕೈ ಮುಗಿದು, “ಬೇಡ ತಾಯಿ, ವಸತಿಗೃಹದಲ್ಲಿ ಊಟ ಆಗಿದೆ” ಎಂದ. ಆಮೇಲೆ ಪ್ರತಿಭಾಳತ್ತ ತಿರುಗಿದ. “ನಮ್ಮ ದೇಶದಲ್ಲಿ ಯಾರೂ ಹಸಿವಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಸರಿಯಾದ ತಟ್ಟೆ ಹೇಗಿರುತ್ತದೆ, ನೋಡಿ.”

ಚೀಲದ ತಟ್ಟೆ ತೆಗೆದು ಹಿಡಿದ. ದೀಪ ಕಡುಗೆಂಪಾಯಿತು. “ಇಪ್ಪತ್ತಾರು ತಾಸಿನಿಂದ ಆಹಾರವಿಲ್ಲ.”

ಇಲ್ಲಿಯ ನೀರು, ಅನ್ನ ನಂಬಬೇಡ ಎಂದು ಅವನ ಊರಿನಲ್ಲಿ ಯಾರೋ ಹೆದರಿಸಿದ್ದರು. ತಂದ ಬಿಸ್ಕತ್ತು ಹಿಂದಿನ ದಿನವೇ ತೀರಿದ್ದವು. ಎಲ್ಮಾರ್ ಕಿವಿಯವರೆಗೆ ಕೆಂಪಾಗಿ ದೀಪದ ಮೇಲೆ ಅಂಗೈ ಮುಚ್ಚಿದ.

ಮಾಸ್ತರರು ಮುಖ ಆ ಕಡೆ ತಿರುಗಿಸಿ, ರೋಣದ ಬಸ್ಸು ಎಷ್ಟಕ್ಕೆ ಎಂದು ಮಲ್ಲೇಶಿಯನ್ನು ಗಟ್ಟಿಯಾಗಿ ಕೇಳಿದರು. ಮಲ್ಲೇಶಿಯೂ ಬೀದಿಯತ್ತ ನೋಡುತ್ತ ಉದ್ದಕ್ಕೆ ಉತ್ತರ ಹೇಳತೊಡಗಿದ. ಉಳಿದವರೂ ಒಬ್ಬೊಬ್ಬರಾಗಿ ಬೀದಿ ನೋಡಿದರು. ನೀಲವ್ವ ಏನೂ ಕೇಳಿಸದವಳಂತೆ ರೊಟ್ಟಿ, ಝುಣಕ ನೀಡಿ ಹೋದಳು. ಎಲ್ಮಾರ್ ಎಡಗೈಯಿಂದ ದೀಪ ಮುಚ್ಚಿಕೊಂಡೇ ಐದು ರೊಟ್ಟಿ ಉಂಡ.

ಕೈ ತೊಳೆದು ಬಂದ. ಆಮೇಲೆ ತನ್ನ ತಟ್ಟೆಯನ್ನು ಪ್ರತಿಭಾಳ ಮುಂದೆ ಸರಿಸಿದ.

“ಉಳಿದವುಗಳಿಗೆ ಏನು ಮಾಡಿದಿರೋ,” ಎಂದ ತಗ್ಗಿದ ದನಿಯಲ್ಲಿ, “ಇದಕ್ಕೂ ಮಾಡಿ.”